ಬೆಂಚ್ ಮಿಲ್ಲನ್ನು ಸಿಎನ್‌ಸಿ ಮಾಡುವುದು: ಸ್ಕ್ರೂವಿನ ತುದಿಯಿಂದ ಶುರುಮಾಡಿ

ಅಡಿಕೆ ಸುಲಿಯುವ ಯಂತ್ರದ ಕ್ಯಾಮ್ ಪ್ಲೇಟ್ ಇರಲಿ, ಬೋಟಿನ ಎಂಜಿನ್ನಿನ ವಾಟರ್ ಪಂಪ್ ಕವರ್ ಇರಲಿ, ಒಂದೇ ತರಹದ್ದು ಹತ್ತು ಬೇಕು ಅಂದಾಗ ಹ್ಯಾಂಡಲ್ ತಿರುಗಿಸುತ್ತ ಕೂರುವುದು ದಿನಗಟ್ಟಲೆಯ ಕೆಲಸ. ಇರುವ ಬೆಂಚ್ ಮಿಲ್ಲಿಗೇ (ಮೇಜಿನ ಮೇಲೆ ಕೂರುವ ಮಿಲ್ಲಿಂಗ್ ಮೆಷಿನ್ನಿಗೇ) ಮೂರು ಮೋಟಾರು ಕೂರಿಸಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಓಡಿಸುವ ಮೆಷಿನ್, ಮಾಡಬಹುದು, ಮನೆಯ ಶೆಡ್ಡಿನಲ್ಲೇ ಮಾಡಬಹುದು. ಆದರೆ ಹೆಚ್ಚಿನವರು ಮೋಟಾರು, ಡ್ರೈವರ್ (ಮೋಟಾರಿಗೆ ಕರೆಂಟು ಕೊಡುವ ಬೋರ್ಡು), ಸಾಫ್ಟ್‌ವೇರಿನಿಂದ ಶುರುಮಾಡಿ, ಕೊನೆಗೆ ಉಳಿದ ದುಡ್ಡಿನಲ್ಲಿ ಟೇಬಲ್, ಹೆಡ್ ಓಡಿಸುವ ಸ್ಕ್ರೂ, ಬೇರಿಂಗ್ ತರುತ್ತಾರೆ. ಇದು ತಲೆಕೆಳಗಾದ ಕ್ರಮ. ಮೆಷಿನ್ನಿನ ನಿಖರತೆ ಇರುವುದು ಸ್ಕ್ರೂವಿನ ತುದಿಯ ಬೇರಿಂಗಿನಲ್ಲಿ. ಅಲ್ಲಿ ಬಿಟ್ಟ ಸಡಿಲವನ್ನು ಯಾವ ಪ್ರೋಗ್ರಾಮೂ ತುಂಬಿಕೊಡುವುದಿಲ್ಲ.

ಇಲ್ಲಿ ಹೇಳುವುದು ಬಿಎಫ್20 ವರ್ಗದ ಮಿಲ್ಲಿಗೆ, ಅಂದರೆ ಟೇಬಲ್ ಸುಮಾರು 500 × 180 ಮಿ.ಮೀ., ಒಟ್ಟು ತೂಕ 100 ಕಿಲೋ ಆಸುಪಾಸಿನದ್ದು. ಇದಕ್ಕಿಂತ ಚಿಕ್ಕದಾದ ಎಕ್ಸ್2 ತರಹದ್ದಕ್ಕೂ ಕ್ರಮ ಇದೇ, ಅಳತೆ ಮಾತ್ರ ಬೇರೆ.

ಬಿಚ್ಚುವ ಮೊದಲು ಎರಡು ಪರೀಕ್ಷೆ. ಸ್ಪಿಂಡಲಿಗೆ ಡಯಲ್ ಗೇಜ್ ಕಟ್ಟಿ, ಟೇಬಲ್ ಮೇಲೆ ಒಳ್ಳೆಯ ಗುಣಿಯ (ಮೂಲೆಮಟ್ಟ) ಇಟ್ಟು, ಹೆಡ್ಡನ್ನು 100 ಮಿ.ಮೀ. ಮೇಲೆ ಕೆಳಗೆ ಓಡಿಸಿ. ಮುಳ್ಳು 0.03 ಮಿ.ಮೀ.ಗಿಂತ ಹೆಚ್ಚು ಸರಿದರೆ ಕಾಲಮ್ ವಾಲಿದೆ ಎಂದರ್ಥ. ಕಾಲಮ್ಮಿನ ಬುಡಕ್ಕೆ ಶಿಮ್ ಕೊಟ್ಟು ಈಗಲೇ ಸರಿಮಾಡಿಕೊಳ್ಳಿ, ಮೋಟಾರು ಕೂತ ಮೇಲೆ ಅಲ್ಲಿ ಕೈ ಹೋಗುವುದಿಲ್ಲ. ಎರಡನೆಯದು ಗಿಬ್ ಪಟ್ಟಿ, ಅಂದರೆ ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ. ಪ್ರಷ್ಯನ್ ಬ್ಲೂ ಬಣ್ಣ ಹಚ್ಚಿ ಎಳೆದು ನೋಡಿದರೆ ಅಗ್ಗದ ಮೆಷಿನ್ನುಗಳಲ್ಲಿ ಪಟ್ಟಿಯ ಎರಡು ತುದಿ ಮಾತ್ರ ತಾಗಿರುತ್ತದೆ. ಅದನ್ನು ಉಜ್ಜಿ ಉದ್ದಕ್ಕೂ ತಾಗುವಂತೆ ಮಾಡಬೇಕು. ಇಲ್ಲದಿದ್ದರೆ ಸಡಿಲ ಬಿಟ್ಟರೆ ಟೇಬಲ್ ಅಲ್ಲಾಡುತ್ತದೆ, ಬಿಗಿದರೆ ಮೋಟಾರು ಸ್ಟೆಪ್ ಬಿಡುತ್ತದೆ, ಅಂದರೆ ಹೇಳಿದಷ್ಟು ತಿರುಗುವುದಿಲ್ಲ.

ಮೆಷಿನ್ನಿನ ಜೊತೆ ಬಂದ ಟ್ರೆಪೆಜಾಯ್ಡಲ್ ಸ್ಕ್ರೂವಿನಲ್ಲಿ 0.1ರಿಂದ 0.3 ಮಿ.ಮೀ. ತನಕ ಪ್ಲೇ (ಸಡಿಲ) ಇರುತ್ತದೆ. ಕೈಯಲ್ಲಿ ಓಡಿಸುವಾಗ ಒಂದೇ ಕಡೆಯಿಂದ ಬಂದು ಅಳತೆ ಹಿಡಿಯುತ್ತೇವೆ, ತೊಂದರೆಯಾಗುವುದಿಲ್ಲ. ಸಿಎನ್‌ಸಿಯಲ್ಲಿ ವೃತ್ತ ಕೊರೆಯುವಾಗ ಎಕ್ಸ್ (ಟೇಬಲ್ಲಿನ ಅಡ್ಡ ಓಟ), ವೈ (ಹಿಂದೆ ಮುಂದಿನ ಓಟ) ಎರಡೂ ದಿಕ್ಕು ಬದಲಿಸುತ್ತವೆ. ಆಗ ಪ್ಲೇ ಇದ್ದರೆ ವೃತ್ತದ ನಾಲ್ಕು ಕಡೆ ಚಿಕ್ಕ ಮೆಟ್ಟಿಲು ಬೀಳುತ್ತದೆ. ಮೆಷಿನ್ ಓಡಿಸುವ ಸಾಫ್ಟ್‌ವೇರುಗಳ ಪೈಕಿ ಲಿನಕ್ಸ್‌ಸಿಎನ್‌ಸಿಯಲ್ಲಿ ಬ್ಯಾಕ್‌ಲ್ಯಾಶ್ (ಈ ಸಡಿಲದ) ಸಂಖ್ಯೆ ಕೊಡಲು ಜಾಗವಿದೆ, ಆರ್ಡುಯಿನೊ ಬೋರ್ಡಿನಲ್ಲಿ ಓಡುವ ಜಿಆರ್‌ಬಿಎಲ್‌ನಲ್ಲಿ ಅದೂ ಇಲ್ಲ. ಇದ್ದರೂ ಅದು ಅರ್ಧ ಔಷಧ. ಕ್ಲೈಂಬ್ ಮಿಲ್ಲಿಂಗಿನಲ್ಲಿ, ಅಂದರೆ ಕಟ್ಟರಿನ ಹಲ್ಲು ಸಾಗುವ ದಿಕ್ಕಿಗೇ ತುಂಡೂ ಓಡುವಾಗ, ಕಟ್ಟರ್ ತಾನೇ ಟೇಬಲ್ಲನ್ನು ಎಳೆದುಕೊಳ್ಳುತ್ತದೆ. ಸಡಿಲ ಇದ್ದಷ್ಟು ದೂರ ಟೇಬಲ್ ಹಾರಿ ಹಲ್ಲು ಮುರಿಯುತ್ತದೆ. ಹಾಗಾಗಿ ನಟ್ಟಿನೊಳಗೆ ಗುಂಡುಗಳು ಓಡುವ ಬಾಲ್ ಸ್ಕ್ರೂ ಬೇಕೇಬೇಕು.

ಈ ಗಾತ್ರಕ್ಕೆ 1605 ಸಾಕು: 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಸಿ7 ದರ್ಜೆಯ ರೋಲ್ ಮಾಡಿದ ಸ್ಕ್ರೂವಿನ ತಪ್ಪು 300 ಮಿ.ಮೀ.ಗೆ 0.05 ಮಿ.ಮೀ. ಒಳಗಿರುತ್ತದೆ. ತುದಿಯನ್ನು ಮೆಷಿನ್ ಮಾಡಿಸಿಯೇ ತರಿಸಿ: ಒಂದು ಕಡೆ ಬೇರಿಂಗಿಗೆ 12 ಮಿ.ಮೀ., ಅದರ ಮುಂದೆ ಎಂ12 × 1 ಮರೆ (ಥ್ರೆಡ್), ಮೋಟಾರಿಗೆ ಕೂಡಿಸುವ ಕಪ್ಲಿಂಗಿಗೆ 10 ಮಿ.ಮೀ.; ಇನ್ನೊಂದು ಕಡೆ 10 ಮಿ.ಮೀ. ಸ್ಕ್ರೂವಿನ ಮೇಲ್ಮೈ ಹಾರ್ಡನ್ ಆಗಿರುವುದರಿಂದ ಸಾಧಾರಣ ಎಚ್‌ಎಸ್‌ಎಸ್ ಟೂಲ್ ಅದರ ಮೇಲೆ ಜಾರುತ್ತದೆ. ಊರಲ್ಲಿ ಲೇತ್ ಇದ್ದವರಿಗೆ ಕಾರ್ಬೈಡ್ ಇನ್ಸರ್ಟಿನಿಂದ ಸಾಧ್ಯ. ಇಲ್ಲವಾದರೆ ಹುಬ್ಬಳ್ಳಿ ಗೋಕುಲ ರಸ್ತೆ ಅಥವಾ ಬೆಳಗಾವಿ ಉದ್ಯಮಬಾಗದ ಕಡೆ ಮಾಡಿಸಿಕೊಳ್ಳುವುದು ಲೇಸು.

ನಟ್ಟನ್ನು ಸ್ಕ್ರೂವಿನಿಂದ ಸುಮ್ಮನೆ ತಿರುಗಿಸಿ ಹೊರತೆಗೆಯಬೇಡಿ. ಒಳಗಿನ 3.175 ಮಿ.ಮೀ. ಗುಂಡುಗಳೆಲ್ಲ ನೆಲಕ್ಕೆ ಬೀಳುತ್ತವೆ. ಸ್ಕ್ರೂವಿನ ಮರೆಯ ಬುಡದಷ್ಟೇ ದಪ್ಪದ, ಸುಮಾರು 13 ಮಿ.ಮೀ. ಕೊಳವೆಯನ್ನು ತುದಿಗೆ ಒತ್ತಿ ಹಿಡಿದು ನಟ್ಟನ್ನು ಅದರ ಮೇಲೆ ಸರಿಸಿಕೊಳ್ಳಬೇಕು. ಬಿಗಿಯಾಗಿ ಸುತ್ತಿದ ಕಾಗದವೂ ಆಗುತ್ತದೆ.

ವೈ ಅಕ್ಷದಲ್ಲಿ ಜಾಗದ ಕಷ್ಟ. ನಟ್ಟಿನ ಮೈ 28 ಮಿ.ಮೀ., ಫ್ಲ್ಯಾಂಜ್ 48 ಮಿ.ಮೀ.; ಹಳೆಯ ನಟ್ ಕೂರುತ್ತಿದ್ದ ಪೊಟರೆ ಇದಕ್ಕೆ ಸಾಲುವುದಿಲ್ಲ. ಸ್ಯಾಡಲಿನ ಅಡಿ, ಬೇಸಿನ ಒಳಗೆ ಡೈ ಗ್ರೈಂಡರಿನಿಂದ ಬೀಡನ್ನು (ಎರಕದ ಕಬ್ಬಿಣವನ್ನು) ಸ್ವಲ್ಪ ತೆಗೆಯಬೇಕಾಗುತ್ತದೆ. ಬೀಡಿನ ಪುಡಿ ಮಸಿಯಂತೆ ಎಲ್ಲ ಕಡೆ ಹೊಕ್ಕುತ್ತದೆ, ಸ್ಲೈಡಿಗೆ ಬಿದ್ದರೆ ಸಾಣೆಯಂತೆ ತಿನ್ನುತ್ತದೆ. ಬೇರಿಂಗ್, ಸ್ಕ್ರೂ ಶೆಡ್ಡಿಗೆ ತರುವ ಮೊದಲೇ ಈ ಕೆಲಸ ಮುಗಿಸಿ ತೊಳೆದುಬಿಡಿ. ನಟ್ ಕೂರಿಸುವಾಗ ಎಣ್ಣೆಯ ತೂತು ಮೇಲೆ ಬರಲಿ.

ಇನ್ನು ಬೇರಿಂಗ್. ಸ್ಕ್ರೂವನ್ನು ಎರಡೂ ದಿಕ್ಕಿಗೆ ಜಗ್ಗದಂತೆ ಹಿಡಿಯಬೇಕಾದ್ದು ಮೋಟಾರಿನ ಕಡೆಯ ಬಿಕೆ12 ಬೇರಿಂಗ್ ಬ್ಲಾಕು. ಅದರೊಳಗೆ ಸ್ಕ್ರೂವಿನ ಉದ್ದಕ್ಕೆ ಬರುವ ಒತ್ತಡ ತಡೆಯುವ ಎರಡು ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಬೆನ್ನಿಗೆ ಬೆನ್ನು ಅಥವಾ ಮುಖಕ್ಕೆ ಮುಖ ಕೂತಿರಬೇಕು. ಅಗ್ಗದ ಬ್ಲಾಕಿನೊಳಗೆ ಎಷ್ಟೋ ಸಲ ಸಾದಾ ಬಾಲ್ ಬೇರಿಂಗ್ ಇರುತ್ತದೆ, ಹಾಗಾಗಿ ಬಿಚ್ಚಿ ನೋಡದೆ ಹಾಕಬೇಡಿ. ಸಾದಾ ಇದ್ದರೆ ಅದೇ ಅಳತೆಯ 7001 ತಂದು ಹಾಕಿ, ನಡುವಿನ ರಿಂಗಿನ ಎರಡೂ ಮುಖ ಸಮಾನಾಂತರ ಇದೆಯೇ ಎಂದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಲಾಕ್‌ನಟ್ ಬಿಗಿಯುತ್ತ ಹೋಗಿ. ಕೈಯಲ್ಲಿ ತಿರುಗಿಸಿದಾಗ ಗ್ರೀಸಿನಲ್ಲಿ ಬೆರಳಾಡಿದ ಹಾಗೆ ನಯವಾದ ಹಿಡಿತ ಬಂದಾಗ ನಿಲ್ಲಿಸಿ. ಕಟಕಟ ಅನ್ನಿಸಿದರೆ ಹೆಚ್ಚಾಯಿತು.

ಪ್ಲೇ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚುವ ಸರಳ ಉಪಾಯ ಒಂದಿದೆ, ಇದನ್ನು ತಪ್ಪದೆ ಮಾಡಿ. ಸ್ಕ್ರೂವಿನ ತುದಿಯ ಸೆಂಟರ್ ತೂತಿಗೆ ಚಿಟಿಕೆ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗುಂಡು ಅಂಟಿಸಿ. ಚಪ್ಪಟೆ ಮೊನೆಯ ಡಯಲ್ ಗೇಜನ್ನು ಆ ಗುಂಡಿಗೆ ತಾಗಿಸಿ. ಇನ್ನೊಂದು ಡಯಲ್ ಟೇಬಲಿಗೆ ತಾಗಿರಲಿ. ಸ್ಕ್ರೂ ತಿರುಗದಂತೆ ಹಿಡಿದು ಟೇಬಲ್ಲನ್ನು ಕೈಯಿಂದ ಜೋರಾಗಿ ತಳ್ಳಿ, ಎಳೆಯಿರಿ. ಎರಡೂ ಮುಳ್ಳು ಅಲುಗಿದರೆ ತಪ್ಪು ಬೇರಿಂಗಿನದ್ದು. ಗುಂಡಿನ ಮೇಲಿನ ಮುಳ್ಳು ನಿಂತೇ ಇದ್ದು ಟೇಬಲಿನದ್ದು ಮಾತ್ರ ಅಲುಗಿದರೆ ನಟ್ಟಿನದ್ದು, ಅಥವಾ ನಟ್ ಹಿಡಿದ ಬ್ರಾಕೆಟಿನದ್ದು. ನಟ್ಟಿನಲ್ಲಿ 0.02ರಿಂದ 0.05 ಇದ್ದರೆ ಸಿಂಗಲ್ ನಟ್ಟಿಗೆ ಅದು ಸಹಜ; ಅದಕ್ಕೂ ಕಡಿಮೆ ಬೇಕಾದರೆ ಡಬಲ್ ನಟ್ ಬೇಕು. ಬೇರಿಂಗಿನಲ್ಲಿ ಮಾತ್ರ 0.01 ಕೂಡ ಬಿಡಬೇಡಿ.

ಕಪ್ಲಿಂಗ್ ವಿಷಯ ಚುಟುಕಾಗಿ: ಮೈಯಲ್ಲಿ ಸುರುಳಿ ಸೀಳಿದ ಅಲ್ಯೂಮಿನಿಯಂ ಕಪ್ಲಿಂಗ್ ಬೇಡ. ಅದು ಸ್ಪ್ರಿಂಗಿನಂತೆ ತಿರುಚುತ್ತದೆ, ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ. ಡಿಸ್ಕ್ ಅಥವಾ ರಬ್ಬರ್ ನಕ್ಷತ್ರದ ಜಾ ಕಪ್ಲಿಂಗ್ ಹಾಕಿ.

ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು, ಹೆಡ್ ಮೇಲೆ ಕೆಳಗೆ ಓಡುವ ಝಡ್ ಅಕ್ಷ. ಹಳೆಯ ಸ್ಕ್ರೂ ತಾನಾಗಿಯೇ ಲಾಕ್ ಆಗುತ್ತದೆ, ಬಾಲ್ ಸ್ಕ್ರೂ ಆಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋಗುವುದು ಯಾವ ಗಳಿಗೆಯಲ್ಲೂ ಆಗಬಹುದು. ಆ ಗಳಿಗೆಯಲ್ಲಿ ಹೆಡ್ ಏನಾಗುತ್ತದೆ? ಲೆಕ್ಕ ಹಾಕೋಣ. ಹೆಡ್ 25 ಕಿಲೋ ಎಂದರೆ 245 ನ್ಯೂಟನ್. 5 ಮಿ.ಮೀ. ಲೀಡಿನ ಸ್ಕ್ರೂವನ್ನು ಅದು ಸುಮಾರು 0.17 ನ್ಯೂಟನ್ ಮೀಟರ್ ಟಾರ್ಕಿನಿಂದ (ತಿರುಚು ಬಲದಿಂದ) ಹಿಂದಕ್ಕೆ ತಿರುಗಿಸುತ್ತದೆ. ಕರೆಂಟಿಲ್ಲದ ನೆಮಾ 23 (ಮುಖದ ಗಾತ್ರದ ಹೆಸರು) ಸ್ಟೆಪ್ಪರ್ ಮೋಟಾರಿನ ಹಿಡಿತ ಅದರ ಅರ್ಧವೂ ಇರುವುದಿಲ್ಲ. ಮಿಕ್ಕಿದ್ದು ಗಿಬ್ಬಿನ ಘರ್ಷಣೆ, ಎಣ್ಣೆ ಹಾಕಿದ ದಿನ ಅದೂ ಕಡಿಮೆ. ಹೆಡ್ ಇಳಿಯುತ್ತದೆ, ಕಟ್ಟರ್ ಕೆಲಸದ ತುಂಡಿಗೆ ನಾಟುತ್ತದೆ. ಕೈ ಅಲ್ಲಿದ್ದರೆ ಕೈಗೆ.

ಪರಿಹಾರ ಎರಡು, ಎರಡನ್ನೂ ಮಾಡಿ. ಒಂದು, 24 ವೋಲ್ಟ್ ಬ್ರೇಕ್ ಇರುವ ನೆಮಾ 34 ಮೋಟಾರು. ಕರೆಂಟು ಇದ್ದಾಗ ಬ್ರೇಕ್ ಬಿಡುತ್ತದೆ, ಹೋದಾಗ ತಾನಾಗಿ ಹಿಡಿಯುತ್ತದೆ. ಇನ್ನೊಂದು, ಕಾರಿನ ಡಿಕ್ಕಿ ಎತ್ತಿ ಹಿಡಿಯುವಂಥ ಗ್ಯಾಸ್ ಸ್ಪ್ರಿಂಗ್. ಹೆಡ್ ಬಿಚ್ಚಿದಾಗ ಅಡಿಕೆ ತೂಗುವ ಕಾಟಾದ ಮೇಲಿಟ್ಟು ತೂಗಿ, ಕಿಲೋವನ್ನು 9.8ರಿಂದ ಗುಣಿಸಿ; ಸ್ಪ್ರಿಂಗಿನ ಮೈಮೇಲೆ ಬರೆದ ನ್ಯೂಟನ್ ಅದಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಏಕೆಂದರೆ ಒತ್ತಿದಷ್ಟೂ ಅದರ ಬಲ ಏರುತ್ತದೆ. ಸ್ಟ್ರೋಕ್ ಮಾತ್ರ ಝಡ್ ಓಟಕ್ಕಿಂತ ಉದ್ದ ಇರಬೇಕು.

ಕರೆಂಟು ಹೋಗುವುದಕ್ಕಿಂತ ಅಪಾಯ ಅದು ವಾಪಸ್ ಬರುವುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಯುಎಸ್‌ಬಿಯಿಂದ ಆರ್ಡುಯಿನೊ ಬೋರ್ಡಿಗೂ ಜೀವ ಇರುತ್ತದೆ. ಡ್ರೈವರ್ ಸತ್ತದ್ದು ಅವಕ್ಕೆ ಗೊತ್ತಿಲ್ಲ. ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ. ಅರ್ಧ ನಿಮಿಷದ ಮೇಲೆ ಕರೆಂಟು ಬಂದರೆ ಟೇಬಲ್ ತಪ್ಪು ಜಾಗದಿಂದ ಒಮ್ಮೆಲೇ ಓಡಲು ಶುರುಮಾಡುತ್ತದೆ. ಅದಕ್ಕೇ ಮುಖ್ಯ ಲೈನಿಗೆ ಕಾಂಟ್ಯಾಕ್ಟರ್ (ಕಾಯಿಲಿನಿಂದ ಹಿಡಿಯುವ ದೊಡ್ಡ ಸ್ವಿಚ್) ಹಾಕಿ, ಹಸಿರು ಬಟನ್ ಒತ್ತಿದರೆ ಹಿಡಿದುಕೊಳ್ಳುವಂತೆ, ಕರೆಂಟು ಹೋದರೆ ಬಿಟ್ಟುಬಿಡುವಂತೆ ವೈರಿಂಗ್ ಮಾಡಿ. ಎಮರ್ಜೆನ್ಸಿ ಬಟನ್ನಿನ ಎನ್‌ಸಿ (ಒತ್ತದಿದ್ದಾಗ ಕೂಡಿರುವ) ಸಂಪರ್ಕ ಅದೇ ಕಾಯಿಲ್ ಸಾಲಿನಲ್ಲಿರಲಿ. ಕಾಂಟ್ಯಾಕ್ಟರಿನ ಸಹಾಯಕ ಸಂಪರ್ಕದಿಂದ ಜಿಆರ್‌ಬಿಎಲ್ ಓಡುವ ಆರ್ಡುಯಿನೊ ಯುನೊದ ಎ0 ಪಿನ್ನಿಗೆ, ಅಂದರೆ ರೀಸೆಟ್ಟಿಗೆ, ಒಂದು ತಂತಿ ಕೊಡಿ. ಆಗ ಕರೆಂಟು ಹೋದ ಕ್ಷಣವೇ ಪ್ರೋಗ್ರಾಮೂ ನಿಲ್ಲುತ್ತದೆ. ಮತ್ತೆ ಶುರುಮಾಡುವಾಗ ಹೋಮಿಂಗ್ (ಸ್ವಿಚ್ಚಿಗೆ ತಾಗಿಸಿ ಸೊನ್ನೆ ಹಿಡಿಯುವುದು) ಕಡ್ಡಾಯ.

ಎಕ್ಸ್, ವೈಗೆ 3 ನ್ಯೂಟನ್ ಮೀಟರಿನ ಹತ್ತಿರದ ನೆಮಾ 23 ಸಾಕು. ಟಾರ್ಕಿನ ಜೊತೆ ಇಂಡಕ್ಟೆನ್ಸೂ ನೋಡಿ: ಮಿಲಿಹೆನ್ರಿಯ ವರ್ಗಮೂಲವನ್ನು 32ರಿಂದ ಗುಣಿಸಿದರೆ ಮೋಟಾರಿಗೆ ಕೊಡಬಹುದಾದ ವೋಲ್ಟೇಜಿನ ಅಂದಾಜು ಸಿಗುತ್ತದೆ. 2.5 ಮಿಲಿಹೆನ್ರಿಗೆ 50 ವೋಲ್ಟ್. ಆದರೆ ಡಿಎಂ542 ಡ್ರೈವರಿನ ಮಿತಿಯೇ 50 ವೋಲ್ಟ್. ಓಟ ಒಮ್ಮೆಲೇ ನಿಧಾನವಾದಾಗ ಮೋಟಾರು ವಾಪಸ್ ಕಳಿಸುವ ವೋಲ್ಟೇಜ್ ಸೇರಿದರೆ 48ರ ಸಪ್ಲೈ ಅದನ್ನು ಸುಡಬಹುದು. 36 ವೋಲ್ಟ್ ಕೊಡಿ. ಝಡ್ಡಿನ ನೆಮಾ 34ಕ್ಕೆ 80 ವೋಲ್ಟ್ ತಡೆಯುವ ದೊಡ್ಡ ಡ್ರೈವರ್ ಬೇರೆಯೇ ಬೇಕು. ಸಪ್ಲೈ ಪಕ್ಕದ ಸ್ವಿಚ್ 230ರಲ್ಲಿದೆಯೇ ಎಂದು ಮೊದಲೇ ನೋಡಿ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಬೀಳುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಇಲ್ಲದೆ ನಡೆಯುವುದಿಲ್ಲ. ಕರೆಂಟು ಇರುವಾಗ ಮೋಟಾರಿನ ವೈರ್ ಕಳಚಿದರೆ ಡ್ರೈವರ್ ಅಲ್ಲೇ ಸತ್ತಂತೆ.

ಮೋಟಾರಿನ ಒಂದು ಸ್ಟೆಪ್ಪನ್ನು ಎಂಟು ಭಾಗ ಮಾಡುವ 1/8 ಮೈಕ್ರೋಸ್ಟೆಪ್ಪಿನಲ್ಲಿ ಒಂದು ಸುತ್ತಿಗೆ 1600 ಪಲ್ಸ್, 5ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ 320. ಜಿಆರ್‌ಬಿಎಲ್‌ನ $100, $101, $102 ಸೆಟ್ಟಿಂಗುಗಳಿಗೆ ಇದೇ ಸಂಖ್ಯೆ. $1ಕ್ಕೆ 255 ಕೊಡಿ, ನಿಂತಾಗಲೂ ಮೋಟಾರು ಹಿಡಿದಿರುತ್ತದೆ. ವೇಗದ ಆಸೆ ಬೇಡ. ಈ ಮೆಷಿನ್ನಿನ ಸ್ಪಿಂಡಲ್ 2500 ಸುತ್ತಿನ ಆಸುಪಾಸು. ಎರಡು ಹಲ್ಲಿನ 6 ಮಿ.ಮೀ. ಕಟ್ಟರಿಗೆ ಹಲ್ಲಿಗೆ 0.03 ಮಿ.ಮೀ. ಹಿಡಿದರೆ ಅಲ್ಯೂಮಿನಿಯಂನಲ್ಲಿ ನಿಮಿಷಕ್ಕೆ 150 ಮಿ.ಮೀ. ಅಷ್ಟೇ. ಖಾಲಿ ಓಟಕ್ಕೆ 1500 ಧಾರಾಳ.

ಸ್ಪಿಂಡಲಿನ ವೇಗವನ್ನೂ ಕಂಪ್ಯೂಟರಿಗೆ ಕೊಡಲು ಹೊರಟರೆ ಎಚ್ಚರ. ಡಿಸಿ ಮೋಟಾರಿನ ಹಳೆಯ ಬೋರ್ಡಿನಲ್ಲಿ ವೇಗ ತಿರುಗಿಸುವ ಪೊಟೆನ್ಶಿಯೋಮೀಟರಿನ ತಂತಿಗಳು ಬಹಳ ಸಲ ನೇರ ಮೇನ್ ಲೈನಿಗೆ ಕೂಡಿರುತ್ತವೆ. ಅಲ್ಲಿಂದ ಆರ್ಡುಯಿನೊಗೆ ತಂತಿ ಎಳೆದರೆ ಬೋರ್ಡು, ಲ್ಯಾಪ್‌ಟಾಪು, ಮುಟ್ಟಿದವರು, ಎಲ್ಲರಿಗೂ 230 ವೋಲ್ಟ್. ಐಸೊಲೇಟೆಡ್ ಬೋರ್ಡ್ ಸಿಗುವ ತನಕ ರಿಲೇಯಿಂದ ಬರೀ ಆನ್, ಆಫ್ ಮಾಡಿಕೊಳ್ಳಿ.

ಲಿಮಿಟ್ ಸ್ವಿಚ್ಚುಗಳು ಎನ್‌ಸಿ ಇರಲಿ, ತಂತಿ ತುಂಡಾದರೂ ಮೆಷಿನ್ ನಿಲ್ಲುತ್ತದೆ. ಮೋಟಾರಿನ ವೈರಿನ ಜೊತೆ ಅವನ್ನು ಒಂದೇ ಕಟ್ಟಿನಲ್ಲಿ ಒಯ್ಯಬೇಡಿ. ಶೀಲ್ಡ್ ವೈರ್ ಬಳಸಿ, ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ.

ಎಲ್ಲ ಕೂಡಿಸಿದ ಮೇಲೆ ಓಟದ ಪರೀಕ್ಷೆ. ಡಯಲ್ ಸೊನ್ನೆಗೆ ಇಟ್ಟು ಟೇಬಲ್ಲನ್ನು 50 ಮಿ.ಮೀ. ಹೋಗಿ ಬರುವಂತೆ ಇನ್ನೂರು ಸಲ ಓಡಿಸಿ, ಕೊನೆಗೆ ಸೊನ್ನೆಗೆ ಬರುತ್ತದೆಯೇ ನೋಡಿ. ವೇಗ ಇಳಿಸಿದರೆ ತಪ್ಪು ಮಾಯವಾದರೆ ಅದು ಸ್ಟೆಪ್ ಬಿಟ್ಟದ್ದು. ಆಕ್ಸಿಲರೇಶನ್ ಕಡಿಮೆ ಮಾಡಿ, ಗಿಬ್ ನೋಡಿ. ನಿಧಾನ ಓಡಿಸಿದರೂ, ಜೋರಾಗಿ ಓಡಿಸಿದರೂ ದಿಕ್ಕು ಬದಲಿಸಿದ ಸಂಖ್ಯೆಗೆ ತಕ್ಕಂತೆ ಒಂದೇ ಕಡೆ ಸರಿಯುತ್ತಿದ್ದರೆ ಮೋಟಾರನ್ನು ದೂರಬೇಡಿ. ಪಲ್ಸಿನ ಅಂಚು ಉಲ್ಟಾ ಇದೆ, ದಿಕ್ಕು ಬದಲಾದಾಗಲೆಲ್ಲ ಒಂದು ಮೈಕ್ರೋಸ್ಟೆಪ್ ಕಳೆಯುತ್ತಿದೆ. $2ರಲ್ಲಿ ಆ ಅಕ್ಷದ ಪಲ್ಸನ್ನು ತಿರುಗಿಸಿದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಮೋಟಾರು ತೆಗೆದುಹಾಕುವುದು ದುಃಖದ ವಿಷಯ.

ತುಕ್ಕಿನ ವಿಷಯ ಹೇಳದೆ ಕರಾವಳಿಯವರಿಗೆ ಬರೆದಂತಾಗುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾದ ಉಪ್ಪು ಗಾಳಿಗೆ ಬಾಲ್ ಸ್ಕ್ರೂವಿನ ಮರೆಯಲ್ಲಿ ಚುಕ್ಕೆ ತುಕ್ಕು ಬಂದರೆ ಗುಂಡುಗಳು ಅದರ ಮೇಲೆ ಓಡಿ ನಟ್ಟೂ ಹಾಳಾಗುತ್ತದೆ. ಸ್ಲೈಡಿಗೆ ವಿಜಿ 68 ವೇ ಆಯಿಲ್, ಸ್ಕ್ರೂವಿಗೆ ಲಿಥಿಯಂ ಗ್ರೀಸ್. ವಾರಕ್ಕೊಮ್ಮೆಯಾದರೂ ಮೂರೂ ಅಕ್ಷವನ್ನು ತುದಿಯಿಂದ ತುದಿಗೆ ಓಡಿಸಿ, ಎಣ್ಣೆ ಹರಡುತ್ತದೆ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿದರೆ ಒಳಗೆ ನೀರು ಹನಿಗಟ್ಟುತ್ತದೆ. ಸಡಿಲವಾಗಿ ಹೊದಿಸಿ, ಅಡಿಯಲ್ಲಿ 40 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಹೊದಿಕೆಗೆ ತಾಗದಂತೆ ಉರಿಸಿಡಿ; ಎಲ್‌ಇಡಿಯಲ್ಲಿ ಆ ಬಿಸಿ ಇರುವುದಿಲ್ಲ. ಪ್ಯಾನೆಲ್ ಪೆಟ್ಟಿಗೆಯ ಫ್ಯಾನಿಗೆ ಫಿಲ್ಟರ್ ಇರಲಿ, ತೂತುಗಳಿಗೆ ಸಣ್ಣ ಜಾಲರಿ ಹಾಕಿ. ಹಲ್ಲಿ, ಇರುವೆ ಬೆಚ್ಚಗಿನ ಸಪ್ಲೈ ಹುಡುಕಿಕೊಂಡು ಬರುತ್ತವೆ. ಮಳೆಗೆ ಮೊದಲಿನ ಗುಡುಗಿನ ದಿನಗಳಲ್ಲಿ ಕೆಲಸ ಮುಗಿದ ಕೂಡಲೇ ಪ್ಲಗ್ ಕಳಚಿ, ಯುಎಸ್‌ಬಿ ವೈರನ್ನೂ ಕಳಚಿ.