ಔಲಿಗೆ ಹೊರಟಾಗ ಎರಡು ದಿನ ಖಾಲಿ ಬಿಟ್ಟಿದ್ದೆವು

ಹಿಮದ ಮೇಲೆ ಜಾರುವ ಸ್ಕೀ ಕಲಿಯಬೇಕು ಅಂದಾಗ ಎಲ್ಲರೂ ಕಾಶ್ಮೀರದ ಗುಲ್ಮಾರ್ಗ್ ಹೆಸರೇ ಹೇಳಿದರು. ಅಕ್ಕ ಮಾತ್ರ ಔಲಿ ಅಂದಳು. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ಮೇಲಿರುವ ಪುಟ್ಟ ಜಾಗ. ನಮ್ಮಂಥ ಹೊಸಬರಿಗೆ ಪುಟ್ಟದೇ ಒಳ್ಳೆಯದು, ಅಲ್ವಾ?

ಮೊದಲು 2024ರ ಜನವರಿಗೆ ಅಂದುಕೊಂಡಿದ್ದೆವು. ಆ ವರ್ಷ ಜನವರಿಯ ಬಹುಪಾಲು ದಿನ ಹಿಮಾಲಯದಲ್ಲಿ ಹಿಮವೇ ಬೀಳಲಿಲ್ಲ. ಟಿಕೆಟ್ ಫೆಬ್ರವರಿಗೆ ತಳ್ಳಿದೆವು, ಜೊತೆಗೆ ಎರಡು ದಿನ ಸುಮ್ನೆ ಖಾಲಿ ಇಟ್ಟೆವು. ಔಲಿಗೆ ಹೋಗುವವರು ಇದೊಂದನ್ನು ಖಂಡಿತ ಮಾಡಬೇಕು.

ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ರಾತ್ರಿ ಋಷಿಕೇಶದಲ್ಲಿ. ಅಲ್ಲಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ., ಆದರೆ ಇಡೀ ದಿನ ಬೇಕು. ಬೆಳಗಿನ ಐದಕ್ಕೇ ಹೊರಟೆವು. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಸೇರುವುದನ್ನು ನೋಡುತ್ತಾ ಚಹಾ ಕುಡಿದೆವು. ಜೋಶಿಮಠದಲ್ಲಿ ಅಕ್ಕ ಜ್ಯೋತಿರ್ಮಠಕ್ಕೆ ಹೋಗಿ ಕೈಮುಗಿದು ಬಂದಳು. ಶೃಂಗೇರಿಯ ಹಾಗೆ ಇದೂ ಶಂಕರಾಚಾರ್ಯರು ಕಟ್ಟಿದ ಮಠ ಅನ್ನುವ ನಂಬಿಕೆ ಇದೆ. 2023ರ ಜನವರಿಯಲ್ಲಿ ಈ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಿದ್ದವು. ಔಲಿಗೆ ಹೋಗುವ ರೋಪ್‌ವೇ ಆಗಲೇ ನಿಂತಿತ್ತು. ಬಿರುಕು ಬಿಟ್ಟ ಗೋಡೆ ಕಂಡಾಗ ನಮಗೆ ಮಾತೇ ಬರಲಿಲ್ಲ. ಮೇಲಕ್ಕೆ ಜೀಪಿನಲ್ಲಿ ಹೋದೆವು.

ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್‌ನದು. ಬಕಲ್ ಬಿಗಿದ ಮೇಲೆ ಪಾದದ ಗಂಟು ಅಲ್ಲಾಡುವುದಿಲ್ಲ. ಸ್ಕೀ ಅನ್ನುವ ಉದ್ದ ಪಟ್ಟಿಯ ಮೇಲಿನ ಕೊಂಡಿಗೆ ಮುಂಗಾಲು ತೂರಿಸಿ ಹಿಮ್ಮಡಿ ಒತ್ತಿದರೆ 'ಟಕ್' ಅಂತ ಬೂಟನ್ನು ಹಿಡಿದುಕೊಳ್ಳುತ್ತದೆ. "ಮಂಡಿ ಬಗ್ಗಿಸಿ, ಕಾಲು ನೋಡಬೇಡಿ, ಮುಂದೆ ನೋಡಿ" ಅಂತ ಕಲಿಸುವವರು ಹಿಂದಿಯಲ್ಲಿ ಹೇಳುತ್ತಲೇ ಇದ್ದರು. ಮುಂದೆ ನೋಡಿದರೆ 7,816 ಮೀಟರ್ ಎತ್ತರದ ನಂದಾದೇವಿ! ನಾನು ಅದನ್ನೇ ನೋಡುತ್ತಾ ಬಿದ್ದೆ. ಮೊದಲ ದಿನ ಎದ್ದಿದ್ದಕ್ಕಿಂತ ಬಿದ್ದಿದ್ದೇ ಜಾಸ್ತಿ.

ಮೂರನೇ ದಿನ ಹಿಮ ಸುರಿಯಿತು, ಪಾಠ ನಿಂತಿತು. ಹೀಟರ್ ಮುಂದೆ ಗ್ಲೌಸ್ ಒಣಗಿಸುತ್ತಾ ಕೂತೆವು. ಖಾಲಿ ದಿನಗಳಿದ್ದವು, ಹಾಗಾಗಿ ಹೊಟ್ಟೆಯುರಿಯಲಿಲ್ಲ.

ಅದಕ್ಕೆಂದೇ ಇಟ್ಟಿದ್ದ ದಿನ ಆಕಾಶ ತಿಳಿಯಾಯಿತು. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ ಇಳಿದೆ. ಹಿಮ ಸರಸರ ಸದ್ದು ಮಾಡಿತು, ವೇಗ ತಗ್ಗಿತು. ಅಕ್ಕ ಕೆಳಗೆ ಕೈ ಚಾಚಿ ನಿಂತಿದ್ದಳು. ಅವಳನ್ನು ಹಿಡಿಯದೇ, ಅವಳ ಮುಂದೆಯೇ ನಿಂತೆ.