ಓರೆಯಾಗಿ ಹೂತ ಕಲ್ಲು
1921ರಲ್ಲಿ ಬೆಂಟನ್ ಮೆಕಾಯ್ ಅವರು ಮುಂದಿಟ್ಟ ಕಲ್ಪನೆಯಿಂದ ಹುಟ್ಟಿ 1937ರಲ್ಲಿ ಪೂರ್ಣಗೊಂಡ ಅಪಲೇಚಿಯನ್ ಕಾಲುದಾರಿಯು ಅಮೆರಿಕದ 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಸಾಗುತ್ತದೆ. ಇಂದಿಗೂ ಅದನ್ನು ಬಹುಮಟ್ಟಿಗೆ ಸ್ವಯಂಸೇವಕರೇ ಕಾಪಾಡುತ್ತಾರೆ. ಈ ಶನಿವಾರ ವರ್ಜೀನಿಯಾದ ಇಳಿಜಾರೊಂದರಲ್ಲಿ ನಾನೂ ಅವರೊಡನೆ ಗುದ್ದಲಿ ಹಿಡಿದಿದ್ದೆ. ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಂಡು ಮಣ್ಣು ಕೊಚ್ಚಿಕೊಂಡು ಹೋಗದಂತೆ, ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲುಗಳನ್ನು ಹೂತು ನೀರನ್ನು ಪಕ್ಕಕ್ಕೆ ಹೊರಳಿಸುವುದು ನಮ್ಮ ಕೆಲಸವಾಗಿತ್ತು. ಮಳೆಗಾಲಕ್ಕೆ ಮುನ್ನ ಅಪ್ಪ ಅಡಿಕೆ ತೋಟದ ಬಸಿಗಾಲುವೆ ಬಿಡಿಸುತ್ತಿದ್ದುದು ಕಣ್ಣ ಮುಂದೆ ಬಂದಿತು. ನಾನು ಹೂತ ಕಲ್ಲಿನ ಮೇಲೆ ಹಿರಿಯರೊಬ್ಬರು ಹತ್ತಿ ನಿಂತು, ಅದು ಅಲುಗಲಿಲ್ಲವೆಂದು ತಲೆದೂಗಿದರು. ಮಧ್ಯಾಹ್ನ ಚಾರಣಿಗರ ಗುಂಪೊಂದು ಮಾತನಾಡುತ್ತಲೇ ಅದನ್ನು ದಾಟಿ ಹೋಯಿತು; ಯಾರೂ ಕೆಳಗೆ ನೋಡಲಿಲ್ಲ, ನನಗೆ ಅದೇ ಬಹಳ ಸಂತೋಷ ತಂದಿತು.