ಹೊಗೆ ದಟ್ಟವಾದ ದಿನವೇ ನಕ್ಷೆ ಖಾಲಿ

ಕಾಳ್ಗಿಚ್ಚಿನ ಹೊಗೆಗೂ ಮಕ್ಕಳ ಉಬ್ಬಸಕ್ಕೂ ಇರುವ ನಂಟನ್ನು ಉಪಗ್ರಹದ ದತ್ತಾಂಶದಿಂದ ಅಳೆಯಲು ಹೊರಟವರು ಮೊದಲು ಎಡವುವುದು ಖಾಲಿ ಪಿಕ್ಸೆಲ್‌ಗಳ ಮೇಲೆ. ಮೋಡ ಕವಿದ ಕಡೆ ಕಣಗಳ ಅಳತೆ ಸಿಗುವುದಿಲ್ಲ, ಹಾಗಾಗಿ ಮೋಡವನ್ನು ಗುರುತಿಸಿ ಆ ಜಾಗವನ್ನು ಕೈಬಿಡುವ ಜರಡಿಯೊಂದು ಇರುತ್ತದೆ. ಬೆಂಕಿಯ ಹತ್ತಿರದ ದಟ್ಟ ಹೊಗೆಯನ್ನೂ ಈ ಜರಡಿ ಎಷ್ಟೋ ಸಲ ಮೋಡವೆಂದೇ ತಿಳಿಯುತ್ತದೆ. ಮಕ್ಕಳು ಅತಿ ಹೆಚ್ಚು ಹೊಗೆ ಕುಡಿದ ದಿನವೇ ಲೆಕ್ಕದಿಂದ ಹೊರಗೆ! ಉಳಿದ ದಿನಗಳ ಸರಾಸರಿ ತೆಗೆದರೆ ಊರಿನ ಗಾಳಿ ಇದ್ದುದಕ್ಕಿಂತ ಚೊಕ್ಕಟವಾಗಿ ತೋರುತ್ತದೆ.

ಬಹಳ ಜನ ಬಳಸುವ ಕಡತ ಎಂಸಿಡಿ19ಎ2. ನಾಸಾದ ಟೆರ್ರಾ (1999) ಮತ್ತು ಆಕ್ವಾ (2002) ಉಪಗ್ರಹಗಳ ಮೋಡಿಸ್ ಉಪಕರಣದ ಅಳತೆಯಿಂದ, 1 ಕಿ.ಮೀ. ಚೌಕಗಳಲ್ಲಿ, ದಿನಕ್ಕೊಂದರಂತೆ ತಯಾರಾಗುತ್ತದೆ. ಅದರಲ್ಲಿರುವುದು ಏರೋಸಾಲ್ ಆಪ್ಟಿಕಲ್ ಡೆಪ್ತ್, ಅಂದರೆ ಗಾಳಿಯಲ್ಲಿ ತೇಲುವ ಕಣಗಳು ಬೆಳಕನ್ನು ಎಷ್ಟು ತಡೆದವು ಎಂಬ, ಏಕಮಾನವಿಲ್ಲದ ಸಂಖ್ಯೆ. ಬಾಯಿಮಾತಿನಲ್ಲಿ ಎಒಡಿ. ಕಡತದಲ್ಲಿ 1340 ಎಂದಿದ್ದರೆ 0.001ರಿಂದ ಗುಣಿಸಬೇಕು: 1.34, ಒಳ್ಳೇ ದಟ್ಟ ಹೊಗೆ. -28672 ಎಂದಿದ್ದರೆ ಅಲ್ಲಿ ಅಳತೆ ಇಲ್ಲ. ಅದನ್ನು ತೆಗೆಯದೆ ಗುಣಿಸಿದರೆ -28.672 ಬರುತ್ತದೆ, ಇಷ್ಟು ವಿಕಾರವಾದ ತಪ್ಪು ತಾನಾಗೇ ಸಿಕ್ಕಿಬೀಳುತ್ತದೆ. ಸದ್ದಿಲ್ಲದೆ ಕೆಡಿಸುವುದು ಆ ಜಾಗದಲ್ಲಿ ಸೊನ್ನೆ ತುಂಬುವ ಚಾಳಿ. ಸೊನ್ನೆ ಅಂದರೆ ಶುಭ್ರ ಗಾಳಿ, ಖಾಲಿ ಅಂದರೆ ನೋಡಲಾಗಲಿಲ್ಲ.

ಇದರ ಜೊತೆಗೆ ಪ್ರತಿ ಪಿಕ್ಸೆಲ್‌ನ ಅಳತೆಯನ್ನು ಎಷ್ಟು ನಂಬಬಹುದು ಎಂದು ಹೇಳುವ ಗುಣಮಟ್ಟದ ಬಿಟ್‌ಗಳೂ ಇವೆ. ಅತ್ಯುತ್ತಮ ದರ್ಜೆಯದನ್ನಷ್ಟೇ ಇಟ್ಟುಕೊಳ್ಳಿ ಎಂಬ ಸಲಹೆಯನ್ನು ಹೊಗೆಯ ಕೆಲಸದಲ್ಲಿ ಕಣ್ಣುಮುಚ್ಚಿ ಪಾಲಿಸಬಾರದು. ಉತ್ತರ ಅಮೆರಿಕದ ಮಟ್ಟಿಗೆ ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆ ನೋವಾದ ಹಜಾರ್ಡ್ ಮ್ಯಾಪಿಂಗ್ ಸಿಸ್ಟಂನಲ್ಲಿ ವಿಶ್ಲೇಷಕರು ಉಪಗ್ರಹ ಚಿತ್ರ ನೋಡಿ ಹೊಗೆಯ ಗಡಿಯನ್ನು ಕೈಯಾರೆ ಎಳೆದು, ತೆಳು, ಮಧ್ಯಮ, ದಟ್ಟ ಎಂದು ವಿಂಗಡಿಸುತ್ತಾರೆ. ದಟ್ಟ ಗಡಿಯೊಳಗೆ ಬಿದ್ದ ದಿನಗಳಲ್ಲಿ ಎಷ್ಟು ಪಿಕ್ಸೆಲ್ ಉಳಿದಿವೆ, ಅದೇ ತಿಂಗಳ ಹೊಗೆಯಿಲ್ಲದ ದಿನಗಳಲ್ಲಿ ಎಷ್ಟು ಎಂದು ಎಣಿಸಿ. ಮೊದಲನೆಯದು ತೀರಾ ಕಡಿಮೆಯಾದರೆ ಜರಡಿ ಹೊಗೆಯನ್ನೇ ತಿನ್ನುತ್ತಿದೆ. 2018ರಿಂದೀಚಿನ ದಿನಗಳಿಗಾದರೆ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣ ಕೊಡುವ ಅತಿನೇರಳೆ ಏರೋಸಾಲ್ ಸೂಚ್ಯಂಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮೋಡದ ಮೇಲೆ ಹರಡಿದ ಹೊಗೆಯೂ ಅದಕ್ಕೆ ಕಾಣುತ್ತದೆ.

ಆದರೆ ಕಂಡ ಹೊಗೆಯೆಲ್ಲ ಮಗುವಿನ ಮೂಗಿನ ಮಟ್ಟದಲ್ಲಿ ಇರುವುದಿಲ್ಲ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ ಹಗಲಲ್ಲೇ ಕತ್ತಲು ಕವಿಯಿತು. ಹೊಗೆ ಕಡಲ ಮಂಜಿನ ಪದರದ ಮೇಲಿತ್ತು. ಆಕಾಶ ಹೆದರಿಸಿದಷ್ಟು ನೆಲದ ಗಾಳಿ ಆ ದಿನ ಕೆಟ್ಟಿರಲಿಲ್ಲ, ಕೆಟ್ಟದ್ದು ಮುಂದಿನ ದಿನಗಳಲ್ಲಿ. ನೆಲಕ್ಕಂಟಿದ ಗಾಳಿಯ ಪದರ 500 ಮೀಟರ್ ಇದ್ದಾಗ ಅದರಲ್ಲಿ ತುಂಬಿದ ಹೊಗೆ, ಅದೇ ಎಒಡಿಗೆ, 2000 ಮೀಟರ್ ಇದ್ದಾಗಿನ ನಾಲ್ಕು ಪಟ್ಟು ಸಾಂದ್ರ. ಹಾಗಾಗಿ ನೆಲದ ಗಾಳಿಯಲ್ಲಿನ ಪಿಎಂ 2.5 (2.5 ಮೈಕ್ರೋಮೀಟರ್‌ವರೆಗಿನ ಸಣ್ಣ ಕಣಗಳು) ಅಂದಾಜಿಸುವ ಮಾದರಿಗೆ ಎಒಡಿ ಒಂದೇ ಸಾಲದು. ಇಆರ್‌ಎ5 ಎಂಬ ಜಾಗತಿಕ ಹವಾಮಾನ ದತ್ತಾಂಶದಿಂದ ಪದರದ ಎತ್ತರ, ತೇವಾಂಶ, ತಾಪಮಾನ, ಗಾಳಿಯ ದಿಕ್ಕು ಎಲ್ಲ ಬೇಕು. ಮಾದರಿಯನ್ನು ಪರೀಕ್ಷಿಸುವಾಗ ಸಾಲುಗಳನ್ನು ಸಿಕ್ಕಸಿಕ್ಕಂತೆ ಹೆಕ್ಕಬೇಡಿ. ಒಂದು ಮಾಪನ ಕೇಂದ್ರವನ್ನು ಪೂರ್ತಿ ಬದಿಗಿಟ್ಟು ನೋಡಿ. ಅದೇ ಕೇಂದ್ರದ ನಿನ್ನೆ ಮತ್ತು ನಾಳೆಯ ಅಳತೆ ಕೈಯಲ್ಲಿದ್ದರೆ ಇವತ್ತಿನದನ್ನು ಯಾವ ಮಾದರಿ ಬೇಕಾದರೂ ಹೇಳೀತು.

ನೆಲದ ಯಂತ್ರಗಳೂ ಸತ್ಯಹರಿಶ್ಚಂದ್ರರಲ್ಲ. ಕಣಗಳನ್ನು ಗಂಟೆಗೊಮ್ಮೆ ಅಳೆಯುವ ಬ್ಯಾಮ್ 1020 ಯಂತ್ರದ ಸಾಲಿನಲ್ಲಿ ಘನ ಮೀಟರಿಗೆ 985 ಮೈಕ್ರೋಗ್ರಾಂ ಕಂಡರೆ ಯಂತ್ರ ಕೆಟ್ಟಿರಬಹುದು ಅಥವಾ ಅಳತೆ ಅದರ ಮಿತಿ ಮುಟ್ಟಿರಬಹುದು. ಬೇರೆ ದಿನ ಅದನ್ನು ಅಳಿಸಬಹುದು, ಬೆಂಕಿಯ ದಿನ ಹಿಂದಿನ ಗಂಟೆಗಳನ್ನು ನೋಡದೆ ಅಳಿಸಕೂಡದು.

ಇನ್ನು ತಾರೀಖು. ಉಪಗ್ರಹದ ಕಡತಕ್ಕೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ದಿನ, ಆಸ್ಪತ್ರೆಗೆ ಸ್ಥಳೀಯ ದಿನ. ಸಿಡ್ನಿಯ ಮೇಲೆ ಟೆರ್ರಾ ಬೆಳಿಗ್ಗೆ ಹಾದುಹೋಗುವ ಹೊತ್ತು ಯುಟಿಸಿಯ ನಡುರಾತ್ರಿಯ ಆಸುಪಾಸು. ಒಂದು ದಿನ 23:50, ಇನ್ನೊಂದು ದಿನ 00:30. ಕಡತದ ಹೆಸರನ್ನು ನಂಬಿದರೆ ಕೆಲವು ಬೆಳಗುಗಳು ಒಂದು ದಿನ ಹಿಂದಕ್ಕೆ ಸರಿದು, ಉಬ್ಬಸ ಹೊಗೆಗಿಂತ ತಡವಾಗಿ ಬಂದಂತೆ ಕಾಣುತ್ತದೆ. ಒಳಗಿರುವ ಕಕ್ಷೆಯ ಸಮಯವನ್ನೇ ಓದಿ.

ಆರೋಗ್ಯದ ಕಡೆಯ ಲೆಕ್ಕದಲ್ಲಿ ಹೊಗೆಯ ಪಾಲನ್ನು ಬೇರ್ಪಡಿಸಲೇಬೇಕು. ಒಂದು ಕೇಂದ್ರದಲ್ಲಿ ಇವತ್ತು ಪಿಎಂ 2.5 ಘನ ಮೀಟರಿಗೆ 48 ಮೈಕ್ರೋಗ್ರಾಂ, ಅದೇ ತಿಂಗಳ ಹೊಗೆಯಿಲ್ಲದ ದಿನಗಳ ಮಧ್ಯಾಂಕ 11 ಆದರೆ ಹೊಗೆಯ ಪಾಲು 37. ಸ್ಯಾನ್ ಡಿಯಾಗೊ ಕೌಂಟಿಯ ಮಕ್ಕಳ ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನ ಹೊಗೆಯ ಪಾಲನ್ನು ಬೇರ್ಪಡಿಸಿದಾಗ, ಉಸಿರಾಟದ ತೊಂದರೆಗಳ ಮಟ್ಟಿಗೆ ಕಾಳ್ಗಿಚ್ಚಿನ ಕಣ ಬೇರೆ ಮೂಲದ ಕಣಕ್ಕಿಂತ ಸುಮಾರು 10 ಪಟ್ಟು ಹಾನಿಕರವೆಂದು ಕಂಡಿತ್ತು. ಆಸ್ಪತ್ರೆಯ ದಾಖಲೆಗಳ ರೋಗಸಂಕೇತಗಳಲ್ಲಿ ಆಸ್ತಮಾದ ಜೆ45 ಅನ್ನಷ್ಟೇ ಎಣಿಸಿದರೆ ಎಳೆಯ ಮಕ್ಕಳು ತಪ್ಪಿಹೋಗುತ್ತಾರೆ. ಐದರೊಳಗಿನ ಮಗುವಿಗೆ ವೈದ್ಯರು ಆಸ್ತಮಾ ಎಂದು ಬರೆಯಲು ಹಿಂಜರಿಯುತ್ತಾರೆ. ಉಬ್ಬಸದ ಆರ್06.2, ಬ್ರಾಂಕಿಯೊಲೈಟಿಸ್‌ನ (ಸಣ್ಣ ಶ್ವಾಸನಾಳಗಳ ಉರಿಯೂತ) ಜೆ21 ಕೂಡ ಸೇರಿಸಿ.

ಹೋಲಿಕೆಗೆ ಅದೇ ಮಗುವಿನ, ಅದೇ ತಿಂಗಳ, ಅದೇ ವಾರದ ಹೆಸರಿನ (ಸೋಮವಾರಕ್ಕೆ ಬೇರೆ ಸೋಮವಾರಗಳು) ಬೇರೆ ದಿನಗಳೇ ಸಾಕು. ಮನೆ, ಬಡತನ, ಅಪ್ಪನ ಸಿಗರೇಟು ಎಲ್ಲ ತಾನಾಗಿ ಸಮವಾಗುತ್ತವೆ. ಸಮವಾಗದ್ದು ಸೆಪ್ಟೆಂಬರ್. ಉತ್ತರ ಗೋಳಾರ್ಧದ ಎಷ್ಟೋ ಕಡೆ ರಜೆ ಮುಗಿದು ಶಾಲೆ ತೆರೆದ ಕೂಡಲೇ ನೆಗಡಿಯ ರೈನೊವೈರಸ್ ಹರಡಿ, ಹೊಗೆ ಇರಲಿ ಬಿಡಲಿ, ಆಸ್ತಮಾ ಏರುತ್ತದೆ. ಪಶ್ಚಿಮ ಅಮೆರಿಕದಲ್ಲಿ ಬೆಂಕಿಯ ಕಾಲವೂ ಅದೇ. ಶಾಲೆ ತೆರೆದ ದಿನಾಂಕ ಮಾದರಿಯೊಳಗೆ ಇರಲೇಬೇಕು. ಊರು ಖಾಲಿ ಮಾಡಿಸಿದ ದಿನಗಳಲ್ಲಿ ಇದರ ಉಲ್ಟಾ: ಹೊಗೆ ತುತ್ತತುದಿಯಲ್ಲಿ, ತುರ್ತು ವಿಭಾಗ ಭಣಭಣ. ಮಕ್ಕಳು ಪಕ್ಕದ ಜಿಲ್ಲೆಯಲ್ಲಿರುತ್ತಾರೆ, ದಾಖಲೆಯಲ್ಲಿ ವಿಳಾಸ ಮಾತ್ರ ಹಳೆಯದು. ತೆರವಿನ ಆದೇಶದ ನಕ್ಷೆಯನ್ನು ಮೇಲೆ ಹಾಸಿ, ಆ ಪ್ರದೇಶದ ಆ ದಿನಗಳನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ಲೆಕ್ಕ ಹಾಕಿ. ಎರಡೂ ಅಂಕಿಗಳನ್ನು ಪ್ರಕಟಿಸಿ.